ಟ್ರೇಲರ್ ಕಟ್ಕೊಂಡು ಘಟ್ಟ ಇಳಿಯೋರು ಸೈಕಲ್ ಎಲ್ಲಿ ಹಾಕ್ಬೇಕು?

ಕ್ಯಾಂಪರ್ ಟ್ರೇಲರ್ (ಗಾಡಿ ಹಿಂದೆ ಕಟ್ಕೊಂಡು ಹೋಗಿ, ಹೋದಲ್ಲಿ ತಂಗ್ಲಿಕ್ಕೆ ಇರೋ ಟ್ರೇಲರ್) ತಗೊಂಡವರೆಲ್ಲ ಸೈಕಲ್ ವಿಷ್ಯ ಬಂದ ಕೂಡ್ಲೆ ಕೇಳೋದು ಯಾವ ರ‍್ಯಾಕ್ ಚೊಲೋ, ಎಷ್ಟಾಗ್ತದೆ, ಎಲ್ಲಿ ಸಿಗ್ತದೆ ಅಂತ. ರ‍್ಯಾಕ್ ಆಮೇಲಿನ ಮಾತು ಮಾರಾಯ್ರೆ, ಮೊದ್ಲು ನೋಡ್ಬೇಕಾದ್ದು ಸೈಕಲ್ ಭಾರ ಎಲ್ಲಿ ಬೀಳ್ತದೆ ಅನ್ನೋದು. ಅದೇ ಎರಡು ಸೈಕಲ್, ಟ್ರೇಲರ್ ಬೆನ್ನಿಗೆ ನೇತು ಹಾಕಿದ್ರೆ ಗಾಡಿ ಒಂದು ರೀತಿ ಓಡ್ತದೆ, ಮೂತಿ ಮೇಲೆ ಕೂರ್ಸಿದ್ರೆ ಇನ್ನೊಂದು ರೀತಿ, ಒಳಗೆ ಮಲಗ್ಸಿದ್ರೆ ಮತ್ತೊಂದು ರೀತಿ. ಹುಬ್ಬಳ್ಳಿ ಆಚೆ ನೆಟ್ಟಗಿನ ರಸ್ತೇಲಿ ಹೋಗೋರಿಗೆ ಇದು ಅಷ್ಟಾಗಿ ಗೊತ್ತಾಗ್ಲಿಕ್ಕಿಲ್ಲ. ನಮ್ಮ ಉತ್ತರ ಕನ್ನಡ ಜಿಲ್ಲೆ ಹಾಗಲ್ಲ, ಘಟ್ಟದ ಮೇಲಿನವರು ಸಮುದ್ರ ನೋಡ್ಬೇಕಂದ್ರೆ ಶಿರಸಿಯಿಂದ ದೇವಿಮನೆ, ಯಲ್ಲಾಪುರದಿಂದ ಅರಬೈಲು, ಸಿದ್ದಾಪುರದಿಂದ ದೊಡ್ಮನೆ, ಜೋಯಿಡಾದಿಂದ ಅಣಶಿ ಅಂತ ಒಂದಲ್ಲ ಒಂದು ಘಟ್ಟ ಇಳೀಲೇಬೇಕು, ಇಳಿಯುವಾಗ್ಲೇ ಟ್ರೇಲರಿನ ಬುದ್ಧಿ ಹೊರಗೆ ಬರೋದು.

ಟ್ರೇಲರ್ ಅಂದ್ರೆ ಆಕ್ಸಲ್ (ಎರಡು ಚಕ್ರ ಸೇರಿಸೋ ಅಡ್ಡ ಕಂಬಿ) ಮೇಲೆ ಕೂತ ತಕ್ಕಡಿ. ಆಕ್ಸಲ್ಲಿಂದ ಮುಂದೆ ಭಾರ ಹಾಕಿದ್ರೆ ಎಳೆಯೋ ಗಾಡಿಗೆ ಸಿಕ್ಕಿಸೋ ಕೊಂಡಿ ಮೇಲೆ ಒತ್ತಡ ಜಾಸ್ತಿ, ಹಿಂದೆ ಹಾಕಿದ್ರೆ ಕೊಂಡಿ ಮೇಲಕ್ಕೆ ಏಳ್ತದೆ. ಈ ಕೊಂಡಿ ಮೇಲೆ ಬೀಳೋ ಭಾರಕ್ಕೆ ನಾನು ಮೂತಿ ಭಾರ ಅಂತೇನೆ. ಅಮೆರಿಕದಲ್ಲಿ ಟ್ರೇಲರಿನ ಒಟ್ಟು ತೂಕದ 10ರಿಂದ 15 ಪರ್ಸೆಂಟ್ ಮೂತಿ ಮೇಲೆ ಇರ್ಬೇಕು ಅಂತಾರೆ, ಯುರೋಪಿನಲ್ಲಿ ಸುಮಾರು 5ರಿಂದ 7 ಅಂತಾರೆ, ನಿಮ್ಮ ಟ್ರೇಲರ್ ಮಾಡಿದವರು ಯಾವ ಸಂಖ್ಯೆ ಕೊಟ್ಟಿದ್ದಾರೋ ಅದನ್ನೇ ಹಿಡ್ಕೊಳಿ. ಅದು ಕಮ್ಮಿ ಆಯ್ತು ಅಂದ್ರೆ ಟ್ರೇಲರ್ ಹಾವಿನ ಹಾಗೆ ಎಡಕ್ಕೂ ಬಲಕ್ಕೂ ಬೀಸ್ಲಿಕ್ಕೆ ಶುರು ಮಾಡ್ತದೆ. ಜಾಸ್ತಿ ಆಯ್ತು ಅಂದ್ರೆ ಎಳೆಯೋ ಗಾಡಿಯ ಹಿಂದಿನ ಸ್ಪ್ರಿಂಗ್ ಕೂತು ಮುಂದಿನ ಚಕ್ರ ಹಗುರಾಗ್ತದೆ, ಸ್ಟೇರಿಂಗ್ ತೇಲಿದ ಹಾಗೆ ಆಗ್ತದೆ, ರಾತ್ರಿ ಹೆಡ್‌ಲೈಟು ಎದುರಿನವನ ಕಣ್ಣಿಗೆ ಹೊಡೀತದೆ.

ಲೆಕ್ಕ ಹಾಕಿ ನೋಡುವಾ. ಸಾಮಾನು ತುಂಬಿದ ಟ್ರೇಲರ್ 800 ಕೆಜಿ, ಮೂತಿ ಭಾರ 64 ಕೆಜಿ, ಆಕ್ಸಲ್ಲಿಂದ ಕೊಂಡಿಗೆ 3 ಮೀಟರ್ ಅಂತ ಇಟ್ಕೊಳಿ. ತಲಾ 15 ಕೆಜಿಯ ಎರಡು ಸೈಕಲ್ಲು, 12 ಕೆಜಿಯ ರ‍್ಯಾಕ್, ಒಟ್ಟು 42 ಕೆಜಿ ಆಯ್ತು. ಇದನ್ನ ಆಕ್ಸಲ್ಲಿಂದ 2.2 ಮೀಟರ್ ಹಿಂದೆ ನೇತು ಹಾಕಿದ್ರೆ ಮೂತಿಯಿಂದ ಎಷ್ಟು ಭಾರ ಎತ್ತಿ ಹಾಕ್ತದೆ ಅಂದ್ರೆ 42 ಗುಣಿಸು 2.2, ಭಾಗಿಸು 3, ಹತ್ತಿರ ಹತ್ತಿರ 31 ಕೆಜಿ. ಇದ್ದ 64ರಲ್ಲಿ ಉಳಿದದ್ದು 33. ಒಟ್ಟು ತೂಕ 842 ಆಗಿದೆ, ಮೂತಿ ಮೇಲೆ 4 ಪರ್ಸೆಂಟ್ ಕೂಡ ಇಲ್ಲ! ಸೈಕಲ್ ಅಂದ್ರೆ ಏನ್ ಮಹಾ ತೂಕ ಅನ್ನೋರು ಈ ಒಂದು ಲೆಕ್ಕ ತಮ್ಮ ಟ್ರೇಲರಿನ ಅಳತೆ ಹಾಕ್ಕೊಂಡು ಮಾಡಿ ನೋಡಿ.

ಲೆಕ್ಕ ಬೇಡ, ಕಣ್ಣಾರೆ ಕಾಣ್ಬೇಕು ಅನ್ನೋರಿಗೆ ಶಿರಸಿ ಕಡೆ ಒಂದು ಅನುಕೂಲ ಇದೆ, ಅಡಿಕೆ ಚೀಲ ತೂಗೋ ಇಲೆಕ್ಟ್ರಾನಿಕ್ ಕಾಟಾ. ಸುಮಾರು ಜನರ ಮನೇಲೇ ಇರ್ತದೆ, ಇಲ್ದಿದ್ರೆ ಪಕ್ಕದ ಮನೇಲಿ ಇರ್ತದೆ. ನಮ್ಮ ಭಾವ ಅಡಿಕೆ ಅಂಗಳದಲ್ಲೇ ಟ್ರೇಲರ್ ನಿಲ್ಸಿ, ಟೈರಿಗೆ ಕಲ್ಲು ಕೊಟ್ಟು, ಮೂತಿ ಹೊರೋ ಸಣ್ಣ ಚಕ್ರ, ಜಾಕಿ ವೀಲು, ಅದನ್ನ ಕಾಟಾ ಮೇಲೆ ಇಳ್ಸಿದ. ಟ್ರೇಲರ್ ಮಟ್ಟಸವಾಗಿ ಇರ್ಬೇಕು, ಮೂತಿ ಮೇಲೆದ್ದೋ ಕೆಳಗೆ ಬಿದ್ದೋ ಇದ್ರೆ ಸಂಖ್ಯೆ ಸರಿ ಬರೋದಿಲ್ಲ. ಅರವತ್ತರ ಸುಮಾರು ತೋರಿಸ್ತಾ ಇತ್ತು. ಆಮೇಲೆ ಭಾವ ಹೋಗಿ ಹಿಂದಿನ ಬಂಪರ್ ಮೇಲೆ ಹತ್ತಿ ನಿಂತ, ಕೆಂಪು ಅಂಕೆ ಸರ್ರಂತ ಇಳಿದು ಒಂದಂಕಿ ಸಂಖ್ಯೆಗೆ ಬಂತು, ಅಂಗಳದ ತುದೀಲಿ ನಿಂತ ಅತ್ತೆ "ತಮಾ, ಇಳಿಯೋ ಇಳಿಯೋ, ಗಾಡಿ ಮಗುಚ್ತು" ಅಂತ ಕೂಗಿದ್ರು. ಮಗುಚಲಿಲ್ಲ, ಆದ್ರೆ ಆವತ್ತಿಂದ ಆ ಮನೇಲಿ ಟ್ರೇಲರ್ ಹಿಂದೆ ಸೈಕಲ್ ಹಾಕೋ ಮಾತು ಯಾರೂ ಎತ್ತಿಲ್ಲ. ಒಟ್ಟು ತೂಕಕ್ಕೆ ಲಾರಿ ತೂಗೋ ವೇ ಬ್ರಿಜ್ಜಿಗೆ ಹೋಗಿ, ಟ್ರೇಲರ್ ಒಂದನ್ನೇ ಬಿಚ್ಚಿ ತೂಗಿಸ್ಕೊಂಡ್ರೆ ಆಯ್ತು.

ಹಿಂದೆ ಹಾಕೋದ್ರಲ್ಲಿ ಇನ್ನೂ ತೊಂದರೆ ಇದೆ. ಟ್ರೇಲರಿನ ಬಾಲ ಹಂಪ್ ಮೇಲೆ ಕುಪ್ಪಳಿಸೋ ಹಾಗೆ ಬೇರೆ ಯಾವ ಜಾಗಾನೂ ಕುಪ್ಪಳಿಸೋದಿಲ್ಲ. ಕಾರಿಗೆ ಅಂತ ಮಾಡಿದ ರ‍್ಯಾಕ್ ಆ ಏಟು ತಡ್ಕೊಳ್ಳೋ ಹಾಗೆ ಇರೋದಿಲ್ಲ, ವೆಲ್ಡಿಂಗ್ ಹತ್ರ ನವಿರಾಗಿ ಬಿರುಕು ಬಿಟ್ಟು, ಆಮೇಲೆ ಒಂದು ದಿನ ಸೈಕಲ್ ಸಮೇತ ರಸ್ತೇಲಿ ಬೀಳ್ತದೆ. ವಿದೇಶಿ ಟ್ರೇಲರುಗಳ ಹಿಂದಿನ ಬಂಪರ್ ನೋಡ್ಲಿಕ್ಕೆ ದಪ್ಪ ಚೌಕದ ಪೈಪು, ತಗಡು ಮಾತ್ರ ತೆಳು, ಅದಕ್ಕೆ ರ‍್ಯಾಕ್ ಕಚ್ಚಿಸಿದ್ರೆ ಬಂಪರೇ ತಿರುಚ್ತದೆ. ತಿರುವಿನಲ್ಲಿ ಬಾಲ ಹೊರಕ್ಕೆ ಬೀಸ್ತದೆ ಅಲ್ವಾ, ಘಟ್ಟದ ಹೇರ್‌ಪಿನ್ನಲ್ಲಿ ಆ ಕಡೆ ಗುಡ್ಡ ಕಡಿದ ಧರೆ, ಈ ಕಡೆ ಎದುರು ಬರೋ ಲಾರಿ, ಉದ್ದ ಆದಷ್ಟೂ ಬೀಸು ಜಾಸ್ತಿ. ಡಾಂಬರು ರಸ್ತೆಯಿಂದ ಮನೆ ದಾರಿಗೆ ಇಳಿಯುವಾಗ, ದಣಪೆ (ಬೇಲಿ ಬಾಗಿಲು) ದಾಟಿ ಅಂಗಳಕ್ಕೆ ಏರುವಾಗ ಕೆಳಗಿನ ಸೈಕಲ್ ಚಕ್ರ ನೆಲಕ್ಕೆ ಉಜ್ತದೆ. ಹಿಂದೆ ಹಾಕ್ಲೇಬೇಕು ಅನ್ನೋರು ಟ್ರೇಲರಿನ ಚಾಸಿಗೇ ಜೋಡಿಸಿದ, ಟ್ರೇಲರ್ ಹಿಂದೆ ಹಾಕ್ಲಿಕ್ಕೆ ಅಂತಲೇ ಮಾಡಿದ ರ‍್ಯಾಕ್ ತಗೊಳಿ, ಹಗುರದ ಸೈಕಲ್ ಮಾತ್ರ ಹಾಕಿ, ನೀರಿನ ಕ್ಯಾನು, ಗ್ಯಾಸ್ ಸಿಲಿಂಡರು, ಟೂಲ್ ಬಾಕ್ಸ್ ಎಲ್ಲ ಆಕ್ಸಲ್ಲಿಂದ ಮುಂದೆ ಸರಿಸಿ ಮತ್ತೆ ಕಾಟಾ ಮೇಲೆ ಇಟ್ಟು ನೋಡಿ. ಬ್ಯಾಟರಿ ಸೈಕಲ್ ಒಂದೊಂದೇ 20-25 ಕೆಜಿ ಬರ್ತದೆ, ಅದನ್ನಂತೂ ಹಿಂದೆ ಹಾಕೋದೇ ಬೇಡ.

ಮುಂದೆ, ಅಂದ್ರೆ ಕೊಂಡಿಯಿಂದ ಟ್ರೇಲರ್ ಪೆಟ್ಟಿಗೆವರೆಗೆ ಇರೋ ತ್ರಿಕೋನದ ಎ-ಫ್ರೇಮ್ ಮೇಲೆ ನಿಲ್ಸೋದು ನನಗೆ ಹೆಚ್ಚು ಇಷ್ಟ. ಅಲ್ಲಿ ಕುಪ್ಪಳಿಸೋದು ಕಮ್ಮಿ, ಟ್ರೇಲರಿನ ಮುಖದ ಮರೆಯಲ್ಲಿ ಇರ್ತದೆ, ಕನ್ನಡೀಲಿ ಒಂದು ಹ್ಯಾಂಡಲ್ಲಾದ್ರೂ ಕಾಣ್ತಾ ಇರ್ತದೆ. ಆದ್ರೆ ಇಲ್ಲಿ ಭಾರ ಉಲ್ಟಾ ಆಗ್ತದೆ. ಅದೇ 42 ಕೆಜಿಯನ್ನ ಆಕ್ಸಲ್ಲಿಂದ 2.3 ಮೀಟರ್ ಮುಂದೆ ಇಟ್ರೆ ಮೂತಿಗೆ 32 ಕೆಜಿ ಸೇರಿ 64 ಇದ್ದದ್ದು 96 ಆಗ್ತದೆ. ನಿಮ್ಮ ಗಾಡಿಯ ಟೋ ಬಾರ್ (ಟ್ರೇಲರ್ ಕಟ್ಟೋ ಕಂಬಿ) ಪ್ಲೇಟಿನಲ್ಲಿ ಮಿತಿ 75 ಅಂತ ಬರೆದಿದ್ರೆ ಆಗ್ಲಿಲ್ಲ. ಹಾಗಾಗಿ ಎ-ಫ್ರೇಮ್ ಮೇಲೆ ಸೈಕಲ್ ಬಂತು ಅಂದ್ರೆ ಅಲ್ಲಿದ್ದ ಬೇರೆ ಏನೋ ಒಂದು ಹಿಂದೆ ಸರೀಬೇಕು, ಮನೇಲಿ ಬಳಸೋ 14.2 ಕೆಜಿ ಗ್ಯಾಸಿನ ಸಿಲಿಂಡರ್ ಡಬ್ಬಿ ಸೇರಿ 30 ಕೆಜಿ ಹತ್ರ ತೂಗ್ತದೆ, ಅದನ್ನ ಮನೇಲೇ ಬಿಟ್ಟು 5 ಕೆಜಿ ಸಿಲಿಂಡರ್ ತಗೊಂಡು ಹೋದ್ರೆ ಅರ್ಧ ಸಮಸ್ಯೆ ಅಲ್ಲೇ ಮುಗೀತು. ಗಾಡಿ ಕೆಳಗೆ ನೇತಾಡೋ ಎಳೆಯೋ ಹುಕ್ಕಿಗೂ ಟೋ ಬಾರಿಗೂ ವ್ಯತ್ಯಾಸ ಇದೆ, ಹುಕ್ಕು ಇರೋದು ಕೆಸರಲ್ಲಿ ಸಿಕ್ಕಿಬಿದ್ರೆ ಎಳೀಲಿಕ್ಕೆ, ಅದಕ್ಕೆ ಟ್ರೇಲರ್ ಕಟ್ಬೇಡಿ ಅಂತ ಬೇರೆ ಹೇಳ್ಬೇಕಾಗಿಲ್ಲ ಅನ್ಕೋತೇನೆ.

ಎ-ಫ್ರೇಮಿನಲ್ಲಿ ತಲೆಬಿಸಿ ಇರೋದು ತಿರುಗುವಾಗ. ಗಾಡಿ ನೆಟ್ಟಗಿರುವಾಗ ಸೈಕಲಿಗೂ ಹಿಂದಿನ ಡೋರಿಗೂ ನಡುವೆ ಬೇಕಾದಷ್ಟು ಜಾಗ ಕಾಣ್ತದೆ, ಪೂರ್ತಿ ಸ್ಟೇರಿಂಗ್ ಕಡಿದು ರಿವರ್ಸ್ ತಗೊಂಡ್ರೆ ಗಾಡಿಯ ಮೂಲೆ ಬಂದು ಹ್ಯಾಂಡಲ್ಲಿಗೆ ಕುಟ್ತದೆ. ಥಾರ್ ತರದ ಗಾಡೀಲಿ ಸ್ಟೆಪ್ನಿ ಹಿಂದಿನ ಬಾಗಿಲ ಮೇಲೇ ಇರ್ತದೆ, ಅಲ್ಲಿ ಇನ್ನೂ ಒಂದು ಗೇಣು ಜಾಗ ಹೋಯ್ತು. ಕೊಯ್ಲಾದ ಗದ್ದೆಯೋ ಶಾಲೆ ಮೈದಾನವೋ ಹುಡ್ಕಿ, ಸೈಕಲ್ ಹಾಕಿ, ಎಡಕ್ಕೊಮ್ಮೆ ಬಲಕ್ಕೊಮ್ಮೆ ನಿಧಾನಕ್ಕೆ ಪೂರ್ತಿ ಕಡಿದು ನೋಡಿ, ಒಬ್ಬರು ಕೆಳಗೆ ನಿಂತು ಕಡೇ ಪಕ್ಷ ಒಂದು ಅಂಗೈ ಅಂತರ ಉಳೀತಾ ಅಂತ ನೋಡ್ಬೇಕು. ಅಷ್ಟೇ ಅಲ್ಲ, ಹಳ್ಳ ಇಳಿದು ಏರುವಾಗ ಗಾಡಿ ಹಿಂಭಾಗ ಕೆಳಗೆ ಹೋಗಿ ಟ್ರೇಲರ್ ಮೂತಿ ಮಡಚ್ತದೆ, ಆಗ ಎತ್ತರದ ಹ್ಯಾಂಡಲ್ ನೇರ ಹಿಂದಿನ ಗ್ಲಾಸಿಗೆ. ಹಾಗಾಗಿ ಗದ್ದೆ ಬದು ಹತ್ತಿಸಿ ಇಳ್ಸಿನೂ ನೋಡಿ. ಹ್ಯಾಂಡಲ್ ಅಡ್ಡ ಬರ್ತದೆ ಅಂದ್ರೆ ಹ್ಯಾಂಡಲ್ ಹಿಡಿಯೋ ತುಂಡಿನ, ಅಂದ್ರೆ ಸ್ಟೆಮ್ಮಿನ ಅಲನ್ ಬೋಲ್ಟ್ ಸಡಿಲಿಸಿ ಹ್ಯಾಂಡಲ್ಲನ್ನ ಫ್ರೇಮಿಗೆ ಸಮ ತಿರುಗಿಸಿ, ಪೆಡಲ್ ಬಿಚ್ಚಿ ಇಡಿ. ಎಡಗಡೆ ಪೆಡಲಿನ ತಿರುಪು ಉಲ್ಟಾ, ನೆನಪಿರ್ಲಿ. ಜಾಕಿ ವೀಲಿನ ಹಿಡಿ, ಹ್ಯಾಂಡ್ ಬ್ರೇಕು ಇವೆರಡಕ್ಕೆ ಕೈ ಹೋಗ್ಬೇಕು, ಸೈಕಲ್ ಅಡ್ಡ ನಿಂತು ಹ್ಯಾಂಡ್ ಬ್ರೇಕ್ ಎಳೀಲಿಕ್ಕೆ ಆಗೋದಿಲ್ಲ ಅಂದ್ರೆ ಆ ರ‍್ಯಾಕ್ ಬೇಡ.

ಎ-ಫ್ರೇಮ್ ರ‍್ಯಾಕ್ ನಮ್ಮ ಕಡೆ ಅಂಗಡೀಲಿ ಸಿಗೋದು ಕಷ್ಟ, ಸುಮಾರು ಜನ ಗ್ರಿಲ್ ಕೆಲ್ಸದವರ ಹತ್ರ ಮಾಡಿಸ್ತಾರೆ. ಅಡ್ಡಿಲ್ಲ, ಚೊಲೋ ಮಾಡ್ತಾರೆ. ಆದ್ರೆ ಒಂದು ವಿಷ್ಯ ಅವರಿಗೆ ಮೊದ್ಲೇ ಹೇಳಿ, ಎ-ಫ್ರೇಮಿಗೆ ನೇರ ವೆಲ್ಡ್ ಮಾಡೋದೂ ಬೇಡ, ಅದರ ಮೇಲ್ಭಾಗ ಕೆಳಭಾಗಕ್ಕೆ ತೂತು ಕೊರೆಯೋದೂ ಬೇಡ. ಇಡೀ ಟ್ರೇಲರಿನ ಎಳೆತ ಆ ಎರಡು ಕಬ್ಬಿಣದ ಮೇಲೆ ಇರೋದು, ವೆಲ್ಡ್ ಬಿಸಿ ತಾಗಿದ ಅಂಚಲ್ಲೇ, ತೂತಿನ ಪಕ್ಕದಲ್ಲೇ ಮುಂದೆ ಬಿರುಕು ಹುಟ್ಟೋದು. ಮೇಲೊಂದು ಕೆಳಗೊಂದು ಪ್ಲೇಟ್ ಕೊಟ್ಟು ಚೌಕದ ಯು ಬೋಲ್ಟಿನಲ್ಲಿ ಅಪ್ಪಿಸ್ಲಿ, ಅಲುಗಾಟಕ್ಕೆ ಬಿಚ್ಕೊಳ್ಳದ ನೈಲಾಕ್ ನಟ್ ಹಾಕ್ಲಿ. ನಿಲ್ಲಿಸಿದ ಕಂಬ ಮತ್ತೆ ಅಡಿಯ ಪಟ್ಟಿ ಸೇರೋ ಮೂಲೇಲಿ ತ್ರಿಕೋನದ ತುಂಡು ಪ್ಲೇಟ್ ಕೇಳಿ ಹಾಕಿಸ್ಕೊಳಿ, ಅದಿಲ್ಲದ ರ‍್ಯಾಕ್ ಅಲುಗಿ ಅಲುಗಿ ಅಲ್ಲೇ ಮುರಿಯೋದು. ರೆಡ್ ಆಕ್ಸೈಡ್ ಹೊಡ್ದು ಮೇಲೆ ಪೇಂಟು, ಕರಾವಳಿಗೆ ಹೋಗೋ ಸಾಮಾನಿಗೆ ಬರೀ ಬಣ್ಣ ಸಾಲೋದಿಲ್ಲ.

ಎಳೆಯೋ ಗಾಡಿ ಟಾಪ್ ಮೇಲೆ ಹಾಕಿದ್ರೆ ಮೂತಿ ಭಾರದ ಗೊಡವೆನೇ ಇಲ್ಲ, ಟ್ರೇಲರ್ ತನ್ನ ಪಾಡಿಗೆ ತಾನು ಬರ್ತದೆ. ಎರಡು ಹಗುರದ ಸೈಕಲಿಗೆ ಇದು ಒಳ್ಳೇ ದಾರಿ. ಸುಮಾರು ಗಾಡಿಗಳಲ್ಲಿ ಟಾಪ್ ಮೇಲೆ 50ರಿಂದ 75 ಕೆಜಿ ಮಿತಿ ಇರ್ತದೆ, ಅದರಲ್ಲಿ ಕ್ಯಾರಿಯರ್ ತೂಕಾನೂ ಬಂತು, ಮ್ಯಾನುವಲ್ ನೋಡಿ. ಎತ್ತಿ ಇಡೋರು ಗಟ್ಟಿ ಇರ್ಬೇಕು, ಹಳೇ ಡಬಲ್ ಬಾರ್ ಸೈಕಲ್ ಮೇಲೆತ್ತಿದ್ರೆ ಸೊಂಟ ಹೋಯ್ತು. ಆಮೇಲೆ ಎತ್ತರ. ಸೈಕಲ್ ನಿಲ್ಸಿದ್ರೆ ಗಾಡಿ ಮೇಲೆ ಇನ್ನೂ ಒಂದು ಮೀಟರ್ ಮೇಲೆ ಹೋಗ್ತದೆ, ಸ್ಕಾರ್ಪಿಯೋ ತರದ ಗಾಡಿ ಮೂರು ಮೀಟರ್ ಮುಟ್ತದೆ. ಹೆದ್ದಾರೀಲಿ ಏನೂ ಆಗೋದಿಲ್ಲ, ಕೊಂಕಣ ರೈಲ್ವೆ ಹಳಿ ಕೆಳಗಿನ ಸಣ್ಣ ಸಣ್ಣ ಅಂಡರ್‌ಪಾಸು, ಹೋಂಸ್ಟೇ ಗೇಟಿನ ಕಮಾನು, ಮನೆ ಎದುರಿನ ಹಲಸಿನ ಕೊಂಬೆ, ಜೋತು ಬಿದ್ದ ಕೇಬಲ್ ವೈರು, ಇವೇ ಸೈಕಲ್ ಕೀಳೋದು. ಟೇಪ್ ಹಿಡ್ದು ಅಳೆದು ಆ ಸಂಖ್ಯೆ ಚೀಟೀಲಿ ಬರೆದು ಸ್ಟೇರಿಂಗ್ ಹತ್ರ ಅಂಟಿಸಿ. ಟಾಪ್ ಮೇಲೆ ಸೈಕಲ್ ಇದೆ ಅನ್ನೋದು ಊಟ ಮಾಡಿ ಹೊರಟ ಕೂಡ್ಲೆ ಮರ್ತು ಹೋಗ್ತದೆ.

ಪಿಕಪ್ ಇದ್ದವರು ಪುಣ್ಯವಂತರು. ಮುಂದಿನ ಚಕ್ರ ಬಿಚ್ಚಿ, ಫೋರ್ಕನ್ನ ಹಿಂದಿನ ತೊಟ್ಟಿಯ ಮುಂಭಾಗದ ಹಲಗೆಗೆ ಕಚ್ಚಿಸಿ ನಿಲ್ಸಿದ್ರೆ ಮೂರು ನಾಲ್ಕು ಸೈಕಲ್ ಆರಾಮಾಗಿ ಕೂರ್ತದೆ. ಡಿಸ್ಕ್ ಬ್ರೇಕ್ ಇದ್ರೆ ಚಕ್ರ ತೆಗೆದ ಕೂಡ್ಲೆ ಬ್ರೇಕ್ ಪ್ಯಾಡ್ ನಡುವೆ ದಪ್ಪ ರಟ್ಟಿನ ತುಂಡು ಸಿಕ್ಕಿಸಿ. ಮಕ್ಕಳು ಸುಮ್ನೆ ಬ್ರೇಕ್ ಒತ್ತಿದ್ರೆ ಪ್ಯಾಡ್ ಒಂದಕ್ಕೊಂದು ಅಂಟ್ಕೊಂಡು ಆಮೇಲೆ ಚಕ್ರ ಒಳಗೆ ಹೋಗೋದೇ ಇಲ್ಲ, ಗೋಕರ್ಣದಲ್ಲಿ ಕೂತು ಸ್ಕ್ರೂಡ್ರೈವರಲ್ಲಿ ಬಿಡಿಸ್ತಾ ಇರ್ಬೇಕು.

ಕಾರಿನ ಡಿಕ್ಕಿಗೆ ಬೆಲ್ಟಲ್ಲಿ ಕಟ್ಟೋ ಅಗ್ಗದ ರ‍್ಯಾಕ್, ಟೋ ಬಾಲ್ (ಟ್ರೇಲರ್ ಕೊಂಡಿ ಕೂರೋ ಗುಂಡು) ಮೇಲೆ ಕಚ್ಚಿಸೋ ರ‍್ಯಾಕ್ ಇವೆರಡೂ ಟ್ರೇಲರ್ ಇರುವಾಗ ಲೆಕ್ಕಕ್ಕಿಲ್ಲ. ಬಾಲ್ ಮೇಲೆ ಟ್ರೇಲರ್ ಕೂತ ಮೇಲೆ ರ‍್ಯಾಕ್ ಎಲ್ಲಿ ಕೂರ್ಸ್ತೀರಿ? ಟೆಂಟ್ ಬಿಚ್ಚೋ ಜಾತಿಯ ಕ್ಯಾಂಪರ್ ಇದ್ದವರು ಅದರ ಮುಚ್ಚಳದ ಮೇಲೆ ಸೈಕಲ್ ಕಟ್ತಾರೆ, ಮುಚ್ಚಳ ಎಷ್ಟು ಹೊರ್ತದೆ ಅಂತ ಮಾಡಿದವರ ಹತ್ರ ಕೇಳಿ ಕಟ್ಟಿದ್ರೆ ಅದೂ ಅಡ್ಡಿಲ್ಲ, ಭಾರ ಆಕ್ಸಲ್ ಮೇಲೇ ಇರ್ತದೆ. ಆದ್ರೆ ಟೆಂಟ್ ಎತ್ಬೇಕಂದ್ರೆ ಮೊದ್ಲು ಸೈಕಲ್ ಇಳಿಬೇಕು, ಸಂಜೆ ಮಳೇಲಿ ಇದನ್ನ ಮಾಡೋರು ಬಾಯಲ್ಲಿ ಏನೇನು ಹೇಳ್ತಾರೆ ಅಂತ ಇಲ್ಲಿ ಬರೆಯೋ ಹಾಗಿಲ್ಲ.

ನನ್ನ ಕೇಳಿದ್ರೆ ಪೆಟ್ಟಿಗೆ ತರದ ಕ್ಯಾಂಪರ್ ಇದ್ದವರು ಸೈಕಲ್ಲನ್ನ ಒಳಗೇ ಹಾಕ್ಬೇಕು, ಆಕ್ಸಲ್ ಮೇಲೆ, ನೆಲಕ್ಕೆ ತಾಗಿ. ಟ್ರೇಲರ್ ಓಡುವಾಗ ಒಳಗೆ ಯಾರೂ ಕೂರೋದಿಲ್ಲ, ಕೂರ್ಲೂಬಾರ್ದು, ಅಷ್ಟು ಜಾಗ ಸುಮ್ನೆ ಖಾಲಿ ಹೋಗ್ತದೆ. ಮಳೆ ಇಲ್ಲ, ಉಪ್ಪುಗಾಳಿ ಇಲ್ಲ, ಕಳ್ಳರ ಭಯ ಇಲ್ಲ, ನಂಬರ್ ಪ್ಲೇಟ್ ಮುಚ್ಚೋದಿಲ್ಲ, ಗಾಳಿ ಹಿಡಿಯೋದಿಲ್ಲ. ಮುಂದಿನ ಚಕ್ರ ಬಿಚ್ಚಿ ಹಳೇ ಕಂಬಳಿ ಹಾಸಿ ಮಲಗಿಸಿ, ಗೇರ್ ಇರೋ ಬಲಮಗ್ಗುಲು ಮೇಲೆ ಬರ್ಬೇಕು, ಇಲ್ದಿದ್ರೆ ಚೈನನ್ನ ಗೇರಿಂದ ಗೇರಿಗೆ ದಾಟಿಸೋ ಹಿಂದಿನ ಡಿರೈಲರ್ ಬೆಂಡಾಗಿ ಚೈನು ಸ್ಪೋಕ್ ಒಳಗೆ ಹೋಗ್ತದೆ. ಚೈನಿನ ಗ್ರೀಸು ಹಾಸಿಗೆಗೆ ತಾಗದ ಹಾಗೆ ಅಕ್ಕಿ ಚೀಲ ಸುತ್ತಿ. ಮಲಗಿಸಿದ ಮೇಲೆ ಸುಮ್ನೆ ಬಿಡೋದಲ್ಲ, ನೆಲದಲ್ಲಿ ಕೊಕ್ಕೆ ಹಾಕಿಸಿ ಕಟ್ಬೇಕು, ಬ್ರೇಕ್ ಒತ್ತಿದ್ರೆ 30 ಕೆಜಿ ಕಬ್ಬಿಣ ಮುಂದೆ ಬಂದು ಅಡುಗೆ ಕಪಾಟನ್ನ ಪುಡಿ ಮಾಡ್ತದೆ. ತೊಂದರೆ ಒಂದೇ, ದಾರೀಲಿ ಚಾ ಕಾಸುವಾ ಅಂದ್ರೆ ಮೊದ್ಲು ಸೈಕಲ್ ಹೊರಗೆ ತೆಗೀಬೇಕು. ಮಕ್ಕಳ ಸಣ್ಣ ಸೈಕಲ್ ಅಂತೂ ಯಾವ ರ‍್ಯಾಕಿನ ತೊಟ್ಟಿಗೂ ಸರಿಯಾಗಿ ಕೂರೋದಿಲ್ಲ, ಅವಕ್ಕೆ ಒಳಗೇ ಜಾಗ.

ಹೊರಗೆ ಹಾಕೋರಿಗೆ ಕಟ್ಟೋ ವಿಷ್ಯ. ದೊಡ್ಡ ಸೈಕಲ್, ಭಾರದ ಸೈಕಲ್ ಮೊದ್ಲು, ಟ್ರೇಲರ್ ಗೋಡೆ ಕಡೆ. ಆಮೇಲಿಂದು ಅದಕ್ಕೆ ಉಲ್ಟಾ ಮುಖ ಮಾಡಿ, ಆಗ ಹ್ಯಾಂಡಲ್ಲಿಗೆ ಹ್ಯಾಂಡಲ್ ಸಿಕ್ಕೋದಿಲ್ಲ. ಫ್ರೇಮಿಗೆ ಫ್ರೇಮ್ ತಾಗೋ ಕಡೆ ಹಳೇ ಸೈಕಲ್ ಟ್ಯೂಬ್ ಸೀಳಿ ಸುತ್ತಿ, ಅಂಗಡಿ ಸ್ಪಂಜಿಗಿಂತ ಅದೇ ಬಾಳಿಕೆ. ಮುಖ್ಯ ಹಿಡಿತಕ್ಕೆ ಹಿಡಿ ಆಡಿಸಿ ಬಿಗಿಯೋ ರ‍್ಯಾಚೆಟ್ ಬೆಲ್ಟು, ಇಲಾಸ್ಟಿಕ್ ಹುಕ್ಕಿನ ಹಗ್ಗ ಬರೀ ಜೋಲಾಡೋದನ್ನ ನಿಲ್ಸ್ಲಿಕ್ಕೆ, ಅದರ ಮೇಲೆ ಭಾರ ಬಿಡ್ಬೇಡಿ. ನೈಲಾನ್ ಹಗ್ಗ ಮಳೇಲಿ ನೆಂದ್ರೆ ಹಿಗ್ತದೆ, ಶಿರಸೀಲಿ ಬಿಗಿ ಇದ್ದದ್ದು ಕತಗಾಲ ಮುಟ್ಟುವಾಗ ಸಡಿಲ. ಬೆಲ್ಟನ್ನ ಕಟ್ಟುವಾಗ ನಡುವಲ್ಲಿ ಅರ್ಧ ಸುತ್ತು ತಿರುಚಿ ಕಟ್ಟಿ, ಗಾಳಿಗೆ ಅದು ಗುಂಯ್ ಅನ್ನೋದು ನಿಲ್ತದೆ, ಉಳಿದ ಬಾಲ ಗಂಟು ಹಾಕಿ ಸಿಕ್ಕಿಸಿ, ಚಕ್ರಕ್ಕೆ ಸುತ್ಕೊಂಡ್ರೆ ಕಷ್ಟ. ಎರಡೂ ಚಕ್ರ ರ‍್ಯಾಕಿಗೆ ಕಟ್ಬೇಕು, ಮುಂದಿನ ಚಕ್ರ ತಿರುಗದ ಹಾಗೆ ಫ್ರೇಮಿಗೂ ಕಟ್ಬೇಕು. ಫ್ರೇಮ್ ಕಚ್ಚಿ ಹಿಡಿಯೋ ಕ್ಲಾಂಪ್ ಕಾರ್ಬನ್ ಫ್ರೇಮಿಗೆ ಬಿಲ್ಕುಲ್ ಬೇಡ, ಬಿಗಿದ ಕಡೆಯೇ ಒಡೀತದೆ, ಅಂಥದ್ದಕ್ಕೆ ಚಕ್ರದಲ್ಲಿ ಹಿಡಿಯೋ ರ‍್ಯಾಕೇ ಆಗ್ಬೇಕು. ಲೇಡೀಸ್ ಸೈಕಲಿಗೆ ಮೇಲಿನ ಬಾರ್ ಇಲ್ಲ ಅಲ್ವಾ, ಸೀಟಿನ ಕಂಬದಿಂದ ಹ್ಯಾಂಡಲ್ ಕಂಬಕ್ಕೆ ಹಾಕೋ ಅಡ್ಡ ರಾಡ್ ಸಿಗ್ತದೆ. ಹೊರಡೋ ಮೊದ್ಲು ಬಾಟ್ಲಿ, ಪಂಪು, ಲೈಟು, ಮಗುವಿನ ಸೀಟು, ಬ್ಯಾಗು ಎಲ್ಲ ತೆಗೆದು ಒಳಗಿಡಿ. ಬ್ಯಾಟರಿ ಸೈಕಲ್ಲಿನ ಬ್ಯಾಟರಿ ಬಿಚ್ಚಿ ಗಾಡಿ ಒಳಗೆ ನೆರಳಲ್ಲಿ ಇಟ್ರೆ ತೂಕಾನೂ ಕಮ್ಮಿ, ನೀರೂ ತಾಗೋದಿಲ್ಲ.

ಇಡೀ ಸೈಕಲಿಗೆ ತಾಡಪಾಲು ಹೊದಿಸಿ ಓಡಿಸೋದು ಬೇಡ, ಅದು ಗಾಳಿ ತುಂಬ್ಕೊಂಡು ಪಟಪಟ ಬಡಿದು ಪೇಂಟೆಲ್ಲ ಉಜ್ಜಿ ಹಾಕ್ತದೆ. ಸೀಟಿಗೊಂದು, ಗೇರ್ ಲಿವರಿಗೊಂದು ಪ್ಲಾಸ್ಟಿಕ್ ಚೀಲ ಕಟ್ಟಿ ಸಾಕು. ನಿಲ್ಸಿದಾಗ ಬೇಕಾದ್ರೆ ಪೂರ್ತಿ ಹೊದಿಸಿ.

ಹಿಂದೆ ಸೈಕಲ್ ಹಾಕಿದವರ ಟ್ರೇಲರಲ್ಲಿ ಬ್ರೇಕ್ ಲೈಟು, ಇಂಡಿಕೇಟರು, ನಂಬರ್ ಪ್ಲೇಟ್ ಮೂರೂ ಮುಚ್ಚಿ ಹೋಗಿರ್ತದೆ. ಕೆಎ 30 ಇರ್ಲಿ 31 ಇರ್ಲಿ 47 ಇರ್ಲಿ, ನಂಬರ್ ಕಾಣ್ದಿದ್ರೆ ಪೊಲೀಸರು ನಿಲ್ಸೇ ನಿಲ್ಸ್ತಾರೆ, ಅದು ಸರಿಯೇ. ಮಳೆಗಾಲದಲ್ಲಿ ದೇವಿಮನೆಯಲ್ಲಿ ಮಂಜು ಇಳಿದಾಗ ಹಿಂದಿನ ಲಾರಿಯವನಿಗೆ ನಿಮ್ಮ ಬ್ರೇಕ್ ಲೈಟ್ ಒಂದೇ ಆಧಾರ. ಲೈಟು, ನಂಬರ್ ಪ್ಲೇಟ್ ಎಲ್ಲ ಒಂದೇ ಹಲಗೇಲಿ ಇರೋ ಲೈಟ್ ಬೋರ್ಡನ್ನ ಸೈಕಲ್ಲಿನ ಹೊರಮೈಗೆ ಕಟ್ಟಿ, ವೈರನ್ನ ಟ್ರೇಲರ್ ಪ್ಲಗ್ಗಿಗೆ ಇಲೆಕ್ಟ್ರಿಷಿಯನ್ ಹತ್ರ ಜೋಡಿಸ್ಕೊಳಿ. ಹ್ಯಾಂಡಲ್ಲು ಚಕ್ರ ಟ್ರೇಲರಿನ ಅಗಲಕ್ಕಿಂತ ಹೊರಗೆ ಚಾಚಿರ್ಬಾರ್ದು, ಬೈಕಿನವನ ಮೊಣಕೈಗೆ ಬಡೀತದೆ. ಸೈಕಲ್ ಟೈರು ಗಾಡಿ ಸೈಲೆನ್ಸರ್ ಹೊಗೆಗೆ ನೇರ ಇದ್ಯಾ ಅಂತ್ಲೂ ಬಗ್ಗಿ ನೋಡಿ, ಘಟ್ಟ ಹತ್ತುವಾಗ ಬರೋ ಬಿಸಿಗೆ ರಬ್ಬರು ಮೆತ್ತಗಾಗ್ತದೆ.

ಹೊರಟ ಮೇಲೆ ಮೊದಲ 10 ಕಿಲೋಮೀಟರಲ್ಲಿ ಒಮ್ಮೆ ನಿಲ್ಸಿ ಎಲ್ಲ ಬೆಲ್ಟೂ ಎಳೆದು ನೋಡಿ, ಘಟ್ಟ ಶುರುವಾಗೋ ಮೊದ್ಲು ಇನ್ನೊಮ್ಮೆ. ಹೊಸ ರ‍್ಯಾಕ್ ಆದ್ರೆ ಮೊದಲ 50 ಕಿಲೋಮೀಟರ್ ಆದ್ಮೇಲೆ ಯು ಬೋಲ್ಟ್ ನಟ್ ಮತ್ತೆ ಬಿಗೀಬೇಕು, ಪೇಂಟು ಒತ್ತಿ ಕೂತು ಸಡಿಲ ಆಗಿರ್ತದೆ. ಘಟ್ಟವನ್ನ ಹತ್ತೋ ಗೇರಲ್ಲೇ ಇಳೀರಿ, ಎರಡನೇ ಗೇರೋ ಅದಕ್ಕಿಂತ ಕಮ್ಮಿಯೋ, ಬ್ರೇಕ್ ಮೇಲೆ ಕಾಲಿಟ್ಟೇ ಇಳಿದ್ರೆ ಅರ್ಧ ದಾರೀಲಿ ಸುಟ್ಟ ವಾಸನೆ ಬರ್ತದೆ. ಹಿಂದೆ ಬಸ್ಸಿನವ ಹಾರ್ನ್ ಹೊಡೀತಾನೆ, ಹೊಡೀಲಿ, ಅಗಲ ಜಾಗ ಸಿಕ್ಕಾಗ ಪಕ್ಕಕ್ಕೆ ತಗೊಂಡು ಬಿಟ್ಟುಬಿಡಿ. ಜೂನಿಂದ ಸೆಪ್ಟೆಂಬರವರೆಗೆ ಘಟ್ಟದ ರಸ್ತೆ ಗುಡ್ಡ ಕುಸಿದು ಬಂದ್ ಆಗೋದುಂಟು, ಟ್ರೇಲರ್ ಕಟ್ಕೊಂಡು ಹೋಗಿ ಅಲ್ಲಿ ತಿರುಗ್ಸೋದು ಆಗದ ಕೆಲ್ಸ, ಹೊರಡೋ ದಿನವೇ ಕೇಳ್ಕೊಂಡು ಹೊರಡಿ.

ಕೆಳಗೆ ಇಳಿದು ಹೆದ್ದಾರಿ 66 ಸೇರಿದ ಮೇಲೆ ಜನ ಸ್ಪೀಡ್ ಏರಿಸ್ತಾರೆ, ನಿಜವಾದ ಓಲಾಟ ಶುರುವಾಗೋದು ಅಲ್ಲೇ. ಹೊನ್ನಾವರದ ಶರಾವತಿ ಸೇತುವೆ ಮೇಲೆ ಅಡ್ಡಗಾಳಿ, ಇಲ್ಲಾ ಸ್ಲೀಪರ್ ಬಸ್ಸೊಂದು ಭರ್ರಂತ ಪಕ್ಕದಲ್ಲಿ ಹೋಯ್ತು, ಟ್ರೇಲರ್ ಒಮ್ಮೆ ಎಳೆದ ಹಾಗೆ ಆಗಿ ಆಮೇಲೆ ತೂಗ್ತದೆ. ಆಗ ಗಾಬರಿಯಿಂದ ಬ್ರೇಕ್ ತುಳೀಬೇಡಿ, ಸ್ಟೇರಿಂಗನ್ನ ಅದರ ವಿರುದ್ಧ ತಿರುಗಿಸ್ಲಿಕ್ಕೂ ಹೋಗ್ಬೇಡಿ. ಸ್ಟೇರಿಂಗ್ ನೆಟ್ಟಗೆ ಹಿಡ್ಕೊಂಡು ಆಕ್ಸಿಲರೇಟರ್ ಬಿಟ್ಟು ಗಾಡಿ ತಾನಾಗಿ ನಿಧಾನ ಆಗ್ಲಿಕ್ಕೆ ಬಿಡಿ, ಟ್ರೇಲರ್ ಬ್ರೇಕಿಗೆ ಬೇರೆ ಸ್ವಿಚ್ ಇದ್ರೆ ಅದನ್ನ ಮಾತ್ರ ಒತ್ತಿ. ಓಲಾಟ ನಿಂತ ಮೇಲೆ ಪಕ್ಕಕ್ಕೆ ಹಾಕಿ ಸಾಮಾನು ಮುಂದೆ ಸರಿಸಿ, ಸುಮ್ನೆ ಹಾಗೇ ಮುಂದುವರಿದ್ರೆ ಅದೇ ಸ್ಪೀಡಲ್ಲಿ ಮತ್ತೆ ಬರ್ತದೆ.

ಕ್ಯಾಂಪಿಗೆ ಬಂದಾಯ್ತು. ಹಿಂದೆ ಸೈಕಲ್ ಇರೋ ಟ್ರೇಲರನ್ನ ಕೊಂಡಿ ಬಿಚ್ಚೋ ಮೊದ್ಲು ಸೈಕಲ್ ಇಳ್ಸಿ, ಅಥವಾ ಹಿಂದಿನ ಊರುಗಾಲು ಇಳ್ಸಿ. ಮೂತಿ ಹಗುರ ಇದ್ದ ಟ್ರೇಲರ್ ಕೊಂಡಿ ಬಿಟ್ಟ ತಕ್ಷಣ ಮೂತಿ ಮೇಲಕ್ಕೆ ಹಾರಿಸಿ ಗಲ್ಲಕ್ಕೆ ಹೊಡೀತದೆ, ಒಳಗೆ ಯಾರೋ ಹಿಂದಿನ ಮಂಚದ ಮೇಲೆ ಕೂತ್ರೆ ಕೂಡ ಅದೇ ಕತೆ. ಎ-ಫ್ರೇಮ್ ಮೇಲೆ ಹಾಕಿದವರು ಉಲ್ಟಾ, ಜಾಕಿ ವೀಲ್ ಕೆಳಗೆ ಹಲಗೆ ಕೊಡಿ, ಮರಳಲ್ಲಿ ಅದು ಮುಳುಗೇ ಮುಳುಗ್ತದೆ. ಮರಳಿನ ಮೇಲೆ ಟ್ರೇಲರ್ ಇಳಿಸೋದೇ ಬೇಡ, ಗಟ್ಟಿ ನೆಲದಲ್ಲಿ ನಿಲ್ಸಿ, ಸಮುದ್ರದವರೆಗೆ ಹೋಗ್ಲಿಕ್ಕೆ ತಾನೇ ಸೈಕಲ್ ತಂದದ್ದು. ಗೋಕರ್ಣದಿಂದ ತದಡಿಗೆ ಸೈಕಲ್ ತುಳಿದು, ಅಲ್ಲಿ ಸೈಕಲ್ ಸಮೇತ ದೋಣಿ ಹತ್ತಿ ಆಚೆ ದಡದ ಅಘನಾಶಿನಿ ಊರಿಗೆ ಇಳಿದ್ರೆ ಕುಮಟಾದವರೆಗೆ ಒಳದಾರಿ ಸಿಗ್ತದೆ, ಟ್ರೇಲರ್ ಕಟ್ಕೊಂಡವರಿಗೆ ಆ ಸುಖ ಇಲ್ಲ. ಘಟ್ಟದ ಮೇಲೆ ಆದ್ರೆ ಶಿರಸೀಲಿ ಟ್ರೇಲರ್ ಬಿಟ್ಟು ಸೋಂದೆ ಕಡೆ ಇಲ್ಲಾ ಬನವಾಸಿ ಕಡೆ. ಸೈಕಲ್ ಬಿಟ್ಟು ನೀರಿಗೆ ಇಳಿಯುವಾಗ ಚೈನ್ ಲಾಕನ್ನ ಬರೀ ಚಕ್ರಕ್ಕಲ್ಲ, ಫ್ರೇಮಿನ ಒಳಗಿಂದ ತೂರಿಸಿ ಹಾಕಿ, ರಾತ್ರಿ ರ‍್ಯಾಕ್ ಮೇಲೇ ಬಿಡೋದಾದ್ರೆ ರ‍್ಯಾಕಿಗೂ ಟ್ರೇಲರಿಗೂ ಸೇರಿಸಿ.

ಕಾರವಾರದಿಂದ ಭಟ್ಕಳವರೆಗೆ ಎಲ್ಲಿ ನಿಂತ್ರೂ ಉಪ್ಪುಗಾಳಿ ಬಿಡೋದಿಲ್ಲ, ಎರಡು ದಿನಕ್ಕೇ ಚೈನ್ ಮೇಲೆ ಕಿತ್ತಳೆ ಬಣ್ಣ ಕಾಣ್ತದೆ. ಮನೆಗೆ ಬಂದ ದಿನವೇ ಬಾವಿ ನೀರಲ್ಲಿ ಸೈಕಲ್, ರ‍್ಯಾಕ್, ಬೆಲ್ಟಿನ ರ‍್ಯಾಚೆಟ್ ಎಲ್ಲ ತೊಳೀರಿ, ವಾಟರ್ ಸರ್ವಿಸಿನ ಪ್ರೆಶರ್ ಗನ್ ಹಿಡೀಬೇಡಿ, ಅದು ಹಬ್ಬಿನ ಬೇರಿಂಗ್ ಒಳಗೆ ನೀರು ನುಗ್ಗಿಸಿ ಗ್ರೀಸ್ ಹೊರಗೆ ಹಾಕ್ತದೆ. ಬಟ್ಟೇಲಿ ಒರೆಸಿ, ಒಣಗಿದ ಮೇಲೆ ಚೈನಿಗೆ ಎಣ್ಣೆ, ರ‍್ಯಾಚೆಟ್ಟಿನ ಹಲ್ಲಿಗೂ ಒಂದು ತೊಟ್ಟು. ಯು ಬೋಲ್ಟಿನ ತಿರುಪಿಗೆ ಗ್ರೀಸ್ ಸವರಿ, ವೆಲ್ಡಿಂಗ್ ಮೂಲೆಗಳನ್ನ ಟಾರ್ಚ್ ಹಿಡ್ದು ನೋಡಿ, ಪೇಂಟಿನ ಮೇಲೆ ಕೂದಲೆಳೆಯಷ್ಟು ಕಂದು ಗೆರೆ ಕಂಡ್ರೂ ಅದು ಬಿರುಕು ಅಂತಲೇ ಲೆಕ್ಕ, ಮುಂದಿನ ಸಲ ಹೊರಡೋ ದಿನ ನೆನಪಾದ್ರೆ ಗ್ರಿಲ್ಲಿನವನ ಅಂಗಡಿ ಬಾಗಿಲು ಹಾಕಿರ್ತದೆ, ಆ ವಾರವೇ ತಗೊಂಡು ಹೋಗಿ ತೋರಿಸಿ.